ಏಳು ಅಡಿ ಎರಡೂವರೆ ಇಂಚು

ಇದನ್ನು ನೀವು ನಂಬುವುದಿಲ್ಲ. ಬೇಡ, ನಂಬಬೇಡಿ.

ನಂಬದವರು ಹೊಳೆ ದಂಡೆಗೆ ಹೋಗಲಿ. ಹರಗೋಲು ಕಾಯುವವರಿಗೆಂದು ಕಟ್ಟಿದ ನೆರಳಿನ ಕೆಳಗೆ ಕೂತು, ತಲೆ ಎತ್ತಿ ಮಾಡು ಹೊತ್ತ ಓರೆ ತೊಲೆಗಳನ್ನು, ಅಂದರೆ ಪಕಾಸಿಗಳನ್ನು, ಎಣಿಸಲಿ. ಎಡಕ್ಕೆ ಎಂಟು, ಬಲಕ್ಕೆ ಎಂಟು. ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟು ಗಿಡ್ಡ ಇದ್ದರೆ ಬಂದು ಹೇಳಲಿ, ಈ ಕಥೆಯನ್ನು ಇನ್ನೆಲ್ಲೂ ಹೇಳುವುದಿಲ್ಲ.

ಹೋಗುವುದಿಲ್ಲವೇ? ಹಾಗಾದರೆ ಕೂತು ಕೇಳಿ.

ಹುಣಸಿಕಟ್ಟಿಯ ಭರಮಪ್ಪನಿಗೆ ಆಗ ಇಪ್ಪತ್ಮೂರು ವರ್ಷ. ಕಂಪ್ಯೂಟರಿನಲ್ಲಿ ಕಟ್ಟಡದ ನಕ್ಷೆ ತೆಗೆಯುವುದರಲ್ಲಿ ಆ ಹೊಳೆಯ ಎರಡೂ ದಂಡೆಗೆ ಅವನೇ ಒಬ್ಬ. ಹಾಗೆಂದು ಊರವರು ಹೇಳುತ್ತಿರಲಿಲ್ಲ, ಅವನೇ ಹೇಳುತ್ತಿದ್ದ. ಹೇಳಿದ್ದು ಸುಳ್ಳೂ ಅಲ್ಲ.

ಅವನ ಗುರು ಬಾಳಪ್ಪಜ್ಜ. ನಲವತ್ತು ವರ್ಷ ಪಟ್ಟಣದಲ್ಲಿ ನಕ್ಷೆ ಬರೆದು, ಒಂದು ಕಣ್ಣಿಗೆ ಪೊರೆ ಬಂದ ಮೇಲೆ ಹೊಳೆ ದಂಡೆಯ ಆಶ್ರಮಕ್ಕೆ ಬಂದವರು. ಆಶ್ರಮ ಎಂದರೆ ಮೂರು ಕೋಣೆ, ಒಂದು ಬೇವಿನ ಮರ, ಒಂದು ಕಂಪ್ಯೂಟರ್. ಅಲ್ಲಿ ಮಂತ್ರ ಕಲಿಸುತ್ತಿರಲಿಲ್ಲ. ಸುತ್ತಲ ಹಳ್ಳಿಗಳಿಗೆ ಬೇಕಾದ ಬಾವಿಕಟ್ಟೆ, ಶಾಲೆಯ ಅಡುಗೆಕೋಣೆ, ದನದ ನೀರಿನ ತೊಟ್ಟಿ, ಇವುಗಳ ನಕ್ಷೆ ತೆಗೆಯುವುದೇ ಅಲ್ಲಿನ ಜಪ.

ಆ ಆಶ್ರಮಕ್ಕೆ ಒಂದು ಕಟ್ಟಳೆ ಇತ್ತು.

ಪ್ರತಿ ಹಾಳೆಯ ಮೂಲೆಯಲ್ಲಿ ಎರಡು ಸಾಲು. ಮೇಲಿನದು ‘ಬರೆದವರು’. ಕೆಳಗಿನದು ‘ತಪಾಸಣೆ’. ಮೊದಲ ಹಾಳೆ ಹೆಸರಿಲ್ಲದೆ ಅರವತ್ತೊಂದು ಮೆಟ್ಟಿಲು ಇಳಿದು ಹೊಳೆ ದಂಡೆಯ ಬಡಿಗ ಮಾನಪ್ಪನ ಕೈಗೆ ಹೋಗಬೇಕು. ಮಾನಪ್ಪ ಒಂದೇ ಒಂದು ಪ್ರಶ್ನೆ ಕೇಳಲು ಮೆಟ್ಟಿಲು ಹತ್ತಿ ಬಂದರೂ ಮುಗಿಯಿತು, ಎರಡೂ ಸಾಲಿನಲ್ಲಿ ಅಜ್ಜರ ಹೆಸರೇ. ಅವನು ಹತ್ತದೇ ಇದ್ದರೆ ಮೇಲಿನ ಸಾಲಿನಲ್ಲಿ ಶಿಷ್ಯನ ಹೆಸರು. ಹೆಸರು ಬಿದ್ದ ಹಾಳೆಯೇ ಕೊನೆಯ ಮಾತು. ಆಮೇಲೆ ಯಾರೂ ಕೇಳುವಂತಿಲ್ಲ, ಕೆಲಸ ಶುರು.

ಎರಡು ವರ್ಷ. ಭರಮನ ಹೆಸರು ಒಂದು ಹಾಳೆಯ ಮೇಲೂ ಬಿದ್ದಿರಲಿಲ್ಲ.

“ಮಾನಪ್ಪಣ್ಣಗ ಮಂಡಿನೋವು ಅಂತಾರ,” ಅಂದ ಭರಮ. “ನನ್ನ ಹಾಳಿ ಕಂಡ್ರ ಮಾತ್ರ ಆಡಿನ ಮರಿಹಂಗ ಜಿಗದು ಬರತಾನ.”

“ಹೆಸರು ಯಾಕ ಬೇಕು ನಿನಗ?” ಅಂದರು ಅಜ್ಜ.

“ನಮ್ಮವ್ವಗ ತೋರಿಸಬೇಕ್ರಿ. ನಿನ್ನ ಮಗ ಆ ಹೊಳಿ ದಂಡಿಮ್ಯಾಲೆ ಏನ್ ಮಾಡ್ತಾನವಾ ಅಂತ ಕೇಳಿದ್ರ ಆಕಿ ಕಡೆ ಉತ್ತರ ಇಲ್ಲ. ಎರಡು ವರ್ಷ ಆತು, ಸುಮ್ಮನ ನಕ್ಕು ಒಳಗ ಹೋಗ್ತಾಳ.”

ಅಜ್ಜ ಹರಗೋಲು ಕಾಯುವವರ ನೆರಳಿನ ಕೆಲಸವನ್ನು ಅವನ ಮುಂದಿಟ್ಟರು.

ಸಣ್ಣ ಕೆಲಸ. ನಾಲ್ಕು ಗೋಡೆಯೂ ಇಲ್ಲ, ಮೂರೇ. ಮೇಲೆ ಎರಡು ಕಡೆಗೆ ಇಳಿಯುವ ಮಾಡು. ಕಟ್ಟಿಗೆ ಮಾತ್ರ ಸಣ್ಣದಲ್ಲ. ಪಕ್ಕದ ಊರಿನ ಹಳೇ ಚಾವಡಿ ಬಿಚ್ಚಿದಾಗ ಸಿಕ್ಕ ತೇಗ, ಶಿವರುದ್ರಗೌಡರು ಕೊಟ್ಟದ್ದು. ಹದಿನಾರು ತುಂಡು. ಹದಿನೇಳನೆಯದು ಎಲ್ಲೂ ಇಲ್ಲ.

“ಮೂಲಿಯಿಂದ ನೋಡಿದ ಚಿತ್ರ ತಗಿ,” ಅಂದರು ಅಜ್ಜ. “ಅಳತಿ ಹಾಕು.”

ಮೂಲೆಯಿಂದ, ತುಸು ಮೇಲಿನಿಂದ ನೋಡಿದರೆ ಕಟ್ಟಡ ಹೇಗೆ ಕಾಣುತ್ತದೋ ಹಾಗೆ ಬರೆಯುವ ಚಿತ್ರ. ಐಸೋಮೆಟ್ರಿಕ್ ಅನ್ನುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ನಕ್ಷೆ ಓದಲು ಬಾರದವನಿಗೂ ಮನೆ ಮನೆಯಂತೆ ಕಾಣುತ್ತದೆ.

ಅದಕ್ಕೆ ಅಳತೆ ಹಾಕುವುದರಲ್ಲಿ ಹತ್ತರಲ್ಲಿ ಒಂಬತ್ತು ಜನ ಎಡವುತ್ತಾರೆ. ಗೋಡೆ ಓರೆಯಾಗಿ ಹೋಗುತ್ತಿರುತ್ತದೆ, ಇವರ ಅಂಕಿ ಮಾತ್ರ ನೆಲಕ್ಕೆ ಬಿದ್ದ ಕಡ್ಡಿಯಂತೆ ಅಡ್ಡ ಮಲಗಿರುತ್ತದೆ. ಭರಮ ಎಡವಲಿಲ್ಲ. ಪ್ರತಿ ಅಳತೆಯನ್ನೂ ಅದರದರ ಗೆರೆಯ ಗುಂಟ ಹಿಡಿದ. ಮೂವತ್ತು ಡಿಗ್ರಿ ವಾಲಿಸಿದ. ಅಂಕಿಗಳನ್ನೂ ವಾಲಿಸಿದ. ಮುಗಿಸಿದಾಗ ಅಂಕಿಗಳು ಗೋಡೆಯ ಮೇಲೇ ಸುಣ್ಣದಲ್ಲಿ ಬರೆದಂತೆ ಕೂತಿದ್ದವು. ಮೂವತ್ತೇಳು ಅಳತೆ. ಊಟದ ಹೊತ್ತಿಗೆ ಮುಂಚೆ.

“ನೋಡ್ರಿ ಅಜ್ಜಾರ. ಇದರಾಗ ಒಂದು ಕುಂದು ಹುಡುಕ್ರಿ.”

“ನಾ ಯಾಕ ಹುಡುಕಲಿ. ಮಾನಪ್ಪಗ ಕಳಸು.”

ಹಾಳೆ ಇಳಿಯಿತು. ಒಂದು ತಾಸಿನಲ್ಲಿ ಮಾನಪ್ಪ ಹತ್ತಿ ಬಂದ. ಪ್ರತಿ ಹತ್ತು ಮೆಟ್ಟಿಲಿಗೊಮ್ಮೆ ನಿಂತು ಮಂಡಿ ಹಿಡಿದುಕೊಳ್ಳುತ್ತ, ನಗುತ್ತ ಬಂದ.

“ಏನಪಾ ಇಂಜಿನಿಯರ್ ಸಾಹೇಬ. ಪಕಾಸಿ ಏಳಡಿ ಎರಡೂವರಿ ಇಂಚು ಅಂತ ಬರದಿ.”

“ಹೂಂ. ಬರದೀನಿ.”

“ಅಷ್ಟಕ್ಕ ಕೊಯ್ದ್ರ ಮ್ಯಾಲಿನ ತುದಿ ನೆತ್ತಿ ತೊಲಿಗೆ ಮುಟ್ಟಂಗಿಲ್ಲ. ನಡುವ ಮೂರಡಿ ಗಾಳಿ. ಆ ಗಾಳಿ ಯಾರು ಹಿಡಕೊಂಡು ನಿಲ್ಲಾವ್ರು, ನೀನೋ ನಾನೋ?”

“ಕಂಪ್ಯೂಟರ್ ಅಳದು ಕೊಟ್ಟದ್ದು ಅದು. ನನ್ನ ಕೈಲೆ ಬರದದ್ದಲ್ಲ. ತಪ್ಪಂಗಿಲ್ಲ.”

“ಹಂಗಾರ ಕಂಪ್ಯೂಟರನ್ನ ಮಾಡಿನ ಮ್ಯಾಲೆ ಹತ್ತಸು,” ಅಂದು ಮಾನಪ್ಪ ನೀರು ಕುಡಿದು ಇಳಿದುಹೋದ.

ಭರಮ ಗುರುವಿನ ಕಡೆ ತಿರುಗಿದ. “ಗ್ವಾಡಿ ಅಳತಿ ಎಲ್ಲಾ ಸರಿ ಬಂದಾವ್ರಿ. ಅದೇ ಕೈ, ಅದೇ ಮಷಿನ್. ಇದೊಂದು ಹೆಂಗ ತಪ್ಪತೈತಿ? ನಾ ಒಪ್ಪಂಗಿಲ್ಲ.”

ಅಜ್ಜ ಒಂದು ರದ್ದಿ ಹಾಳೆ ತೆಗೆದುಕೊಂಡರು. ನಟ್ಟನಡುವೆ ಮಡಿಸಿದರು. ಕಟ್ಟೆಯ ಮೇಲೆ ಡೇರೆಯಂತೆ ನಿಲ್ಲಿಸಿದರು.

“ಮೂಲಿಗೆ ನಿಲ್ಲು. ಒಂದು ಕಣ್ಣು ಮುಚ್ಚು. ಪೆನ್ಸಿಲ್ ಮುಂದ ಹಿಡಿ. ಎಡಗಡೆ ಇಳಿಜಾರು ಎಷ್ಟ ಐತಿ?”

“ಪೂರಾ ಪೆನ್ಸಿಲ್ ಉದ್ದ ಐತ್ರಿ.”

“ಬಲಗಡೆ?”

ಭರಮ ಪೆನ್ಸಿಲ್ ತಿರುಗಿಸಿದ. ಮತ್ತೆ ತಿರುಗಿಸಿದ. “ಅರ್ಧಕ್ಕಿಂತ ತುಸು ಹೆಚ್ಚು.”

ಅಜ್ಜ ಡೇರೆಯನ್ನು ಅಂಗೈಯಲ್ಲಿ ಚಪ್ಪಟೆ ಒತ್ತಿದರು. ಎರಡು ಬದಿಯೂ ಅಂಚಿಗೆ ಅಂಚು ಕೂಡಿದವು.

“ಕಣ್ಣು ತಪ್ಪಿರಬೇಕ್ರಿ,” ಅಂದ ಭರಮ. “ಕಂಪ್ಯೂಟರ್ ತಪ್ಪಿಲ್ಲ.”

“ಕಂಪ್ಯೂಟರ್ ತಪ್ಪಿಲ್ಲೋ. ಹಾಳಿ ಮ್ಯಾಲೆ ಈ ಗೆರಿ ಎಷ್ಟುದ್ದ ಐತಿ ಅಂತ ನೀ ಕೇಳಿದಿ. ಅದು ಖರೇನ ಹೇಳೇತಿ.”

“ಮತ್ತ?”

“ಪಕಾಸಿ ಎಷ್ಟುದ್ದ ಐತಿ ಅಂತ ಯಾರನ್ನ ಕೇಳಿದಿ?”

ಭರಮನಿಗೆ ಅರ್ಥವಾಯಿತು. ಆ ಚಿತ್ರದಲ್ಲಿ ಉದ್ದ, ಅಗಲ, ಎತ್ತರ ಈ ಮೂರು ದಾರಿಯಲ್ಲಿ ಹೋಗುವ ಗೆರೆ ಖರೆ ಹೇಳುತ್ತದೆ. ದಾರಿ ಬಿಟ್ಟು ಓರೆ ಹೋಗುವ ಗೆರೆ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಅರ್ಥವಾದದ್ದನ್ನು ಅವನು ಒಪ್ಪಿಕೊಂಡನೇ? ಅವನು ಹುಣಸಿಕಟ್ಟಿಯವನು. ಒಪ್ಪಿಕೊಳ್ಳುವ ಮೊದಲು ಇನ್ನೊಂದು ಬಾಗಿಲು ಒದ್ದು ನೋಡುವ ಜಾತಿ.

‘ಅಡ್ಡ ಎಂಟು ಅಡಿ, ಎತ್ತರ ಆರು. ಓರೆ ಹತ್ತು. ಏಳನೇ ಕ್ಲಾಸಿನ ಲೆಕ್ಕ. ಇದಕ್ಕೆ ಕಂಪ್ಯೂಟರ್ ಯಾಕೆ ಬೇಕು?’ ಅಂದುಕೊಂಡ. ಏಳು ಅಡಿ ಎರಡೂವರೆ ಇಂಚನ್ನು ಅಳಿಸಿ, ಅದರ ಜಾಗದಲ್ಲಿ ಹತ್ತು ಅಡಿ ಅಂತ ತಾನೇ ಟೈಪ್ ಮಾಡಿದ. ಅದನ್ನೂ ಚೆಂದಾಗಿ ವಾಲಿಸಿದ.

ಹಾಳೆ ಮತ್ತೆ ಇಳಿಯಿತು.

“ಒಮ್ಮೆ ಹತ್ತಿ ಬಂದಾಂವಗ ಎರಡನೇ ಹಾಳಿ ಕಳಸೂ ಪದ್ಧತಿ ಇಲ್ಲ,” ಅಂದರು ಅಜ್ಜ.

“ಇಲ್ಲ ಅಂದ್ರ ಇವತ್ತಿಂದ ಶುರು ಮಾಡ್ರಿ.”

ಅಜ್ಜ ತಡೆಯಲಿಲ್ಲ. ಭರಮ ಮೆಟ್ಟಿಲ ತುದಿಯಲ್ಲಿ ಕೂತ. ಮಧ್ಯಾಹ್ನ ಕಳೆಯಿತು. ಎರಡು ಹರಗೋಲು ಬಂದು ಹೋದವು. ಕೆಳಗೆ ಮಾನಪ್ಪ ಬೀಡಿ ಹಚ್ಚಿದ, ಹಾಳೆ ನೋಡಿದ, ಮಡಿಸಿ ಜೇಬಿಗಿಟ್ಟುಕೊಂಡ. ಹತ್ತಲಿಲ್ಲ.

“ಬರಲಿಲ್ರಿ. ಕಟ್ಟಳಿ ಅಂದ್ರ ಕಟ್ಟಳಿ. ಹಾಕ್ರಿ ನನ್ನ ಹೆಸರು.”

ಅಜ್ಜ ಕಂಪ್ಯೂಟರ್ ಮುಂದೆ ಕೂತರು. ಮೇಲಿನ ಸಾಲಿನಲ್ಲಿ ‘ಭ’ ಎಂದು ಹೊಡೆದರು. ನಿಂತರು.

“ಹೊಳಿ ಗಾಳಿ ಜೋರಪಾ. ನೆತ್ತಿ ಒಂದಡಿ ಇಳಿಸಿದ್ರ ಹೆಂಗ?”

ಮೌಸ್ ಹಿಡಿದು ನೆತ್ತಿಯ ತೊಲೆಯನ್ನು ಒಂದು ಅಡಿ ಕೆಳಗೆ ಎಳೆದರು. ಮಾಡು ಇಳಿಯಿತು. ಆರು ಇದ್ದ ಎತ್ತರ ತಾನೇ ಐದಾಯಿತು. ಅದರ ಜೊತೆಗಿದ್ದ ಅಂಕಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಬದಲಾದವು. ಹತ್ತು ಅಡಿ ಮಾತ್ರ ಹತ್ತು ಅಡಿಯಾಗಿಯೇ ಕೂತಿತ್ತು.

“ಎಲ್ಲಾರೂ ಎದ್ದು ಸರಕೊಂಡ್ರು. ಇವನ್ಯಾಕ ಏಳವಲ್ಲ?”

“ಅದನ್ನ ನಾ ಕೈಲೆ ಬರದೀನ್ರಿ.”

“ಹಂಗಾರ ಹೆಣ ಅದು. ಕುಂಡ್ರಿಸಿದಲ್ಲೇ ಕುಂಡರತೈತಿ.”

“ಆದ್ರ ಮೊದಲಿನ ಎತ್ತರಕ್ಕ ಹತ್ತ ಸರಿ ಇತ್ರಿ. ಲೆಕ್ಕ ತಪ್ಪಿಲ್ಲ.”

“ಆಗ ಸರಿ ಇತ್ತು.”

ಅಜ್ಜ ನೆತ್ತಿಯನ್ನು ಮತ್ತೆ ಮೊದಲಿನ ಎತ್ತರಕ್ಕೇ ಏರಿಸಿದರು. ಆಮೇಲೆ ‘ಭ’ ಅಳಿಸಿದರು.

ಅದೊಂದು ಅಕ್ಷರ ಹೋದದ್ದನ್ನು ಭರಮನಿಂದ ನೋಡಲಾಗಲಿಲ್ಲ. ಚೀಲಕ್ಕೆ ಎರಡು ಅಂಗಿ ತುಂಬಿದ.

“ಹೊಂಟೇನ್ರಿ. ಅಳದ್ರ ಸುಳ್ಳು ಅಂತೀರಿ, ಬರದ್ರ ಹೆಣ ಅಂತೀರಿ. ಹಂಗಾರ ಆ ಗೆರಿಗೆ ಏನ್ ಹಾಕಬೇಕು, ಅದನ್ನರ ಹೇಳ್ರಿ.”

ಅಜ್ಜ ಕನ್ನಡಕ ಒರೆಸುತ್ತಿದ್ದರು.

ಭರಮ ಅರವತ್ತೊಂದು ಮೆಟ್ಟಿಲು ಇಳಿದ. ಹರಗೋಲು ಇನ್ನೂ ಆಚೆ ದಂಡೆಯಲ್ಲಿತ್ತು. ಮಾನಪ್ಪ ಮರಳಿನ ಮೇಲೆ ಗೂಟ ಬಡಿಯುತ್ತಿದ್ದ.

“ಎಲ್ಲಿಗಪಾ ಸವಾರಿ? ಚೀಲ ಬ್ಯಾರೆ ಐತಿ.”

“ಊರಿಗೆ.”

“ಹೋಗು, ಹೋಗು. ಹರಗೋಲು ಬರೂತನಕ ಈ ದಾರ ಹಿಡಿ.”

ಭರಮ ದಾರ ಹಿಡಿದ. ಮಾನಪ್ಪ ಗೂಟದಿಂದ ಮರಳಿನ ಮೇಲೆ ಎಂಟು ಅಡಿ ಅಳೆದು ಇನ್ನೊಂದು ಗೂಟ ಬಡಿದ. ಅಲ್ಲಿಂದ ಮೂಲೆಮಟ್ಟ ಇಟ್ಟು, ನೇರ ಆರು ಅಡಿ ಅಳೆದು ಮೂರನೆಯದು ಬಡಿದ. ಮೊದಲ ಗೂಟದಿಂದ ಮೂರನೆಯದಕ್ಕೆ ದಾರ ಎಳೆದು ಬಿಗಿದ. ಟಂಯ್ ಎಂದು ಬೆರಳಿನಿಂದ ಮೀಟಿದ.

“ಇದು ನನ್ನ ಪಕಾಸಿ. ಇದರ ಪಕ್ಕ ಕಟಗಿ ಮಲಗಸ್ತೀನಿ, ಗುರುತ ಹಾಕ್ತೀನಿ.”

“ಎಷ್ಟಾತು ಅಂತ ಅಳೆಯಂಗಿಲ್ಲೇನು?”

“ಯಾಕ ಅಳೀಲಿ? ಮೂವತ್ತು ವರ್ಷದಾಗ ಪಕಾಸಿ ಉದ್ದ ಯಾರನ್ನೂ ಕೇಳಿಲ್ಲ. ನನಗ ಎಂಟು ಕೊಡು, ಆರು ಕೊಡು. ಉಳಿದದ್ದು ದಾರ ಹೇಳತೈತಿ.”

“ಹಂಗಾರ ಆಗ ಯಾಕ ಮೆಟ್ಟಲ ಹತ್ತಿ ಬಂದಿ? ಸುಮ್ಮನ ದಾರ ಎಳೀಬೇಕಿತ್ತು.”

“ನನ್ನ ಕೈಯಾಗಿನ ಹಾಳಿ ನಾಳೆ ಮಿಲ್ಲಿಗೆ ಹೋಗತೈತಿ ಹುಚ್ಚಪ್ಪಾ. ಈ ಸಲ ತೇಗ ಕೊಯ್ಯಾವ ನಾನಲ್ಲ, ಮಿಲ್ಲಿನ ಗರಗಸ. ಅದರ ಕಡೆ ದಾರ ಎಲ್ಲೈತಿ?”

ಹರಗೋಲು ಬಂತು. ಅಂಬಿಗ ಕರೆದ. ಭರಮ ದಾರವನ್ನೇ ನೋಡುತ್ತಿದ್ದ.

ಆಮೇಲೆ ಚೀಲ ಹೆಗಲಿಗೇರಿಸಿ, ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಕಂಪ್ಯೂಟರ್ ಹಚ್ಚಿ, ಓರೆ ಗೆರೆಯ ಮೇಲಿದ್ದ ಹತ್ತು ಅಡಿಯನ್ನು ಕಿತ್ತು ಹಾಕಿದ. ಎಂಟು ಇರಲಿ, ಆರು ಇರಲಿ. ಮಾಡಿನ ಇಳಿಜಾರನ್ನು ಬೋಳು ಬಿಟ್ಟ.

ಎರಡು ವರ್ಷದಲ್ಲಿ ಅವನು ಒಂದು ಗೆರೆಯನ್ನು ಅಳತೆಯಿಲ್ಲದೆ ಬಿಟ್ಟದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಶಿವರುದ್ರಗೌಡರು ಬಂದರು. ಹದಿನಾರು ತೇಗದ ತುಂಡು ಹೇರಿದ ಟ್ರ್ಯಾಕ್ಟರ್ ಬೇವಿನ ಮರದ ಕೆಳಗೆ ನಿಂತಿತ್ತು. ಮಿಲ್ಲು ಇಪ್ಪತ್ತು ಮೈಲಿ ಆಚೆ. ಅಲ್ಲಿಯವರು ಹೊಳೆ ನೋಡಿದವರಲ್ಲ, ಮಾನಪ್ಪನನ್ನು ಬಲ್ಲವರಲ್ಲ. ಹಾಳೆ ಏನು ಹೇಳಿದರೆ ಅದಕ್ಕೆ ಗರಗಸ.

ಗೌಡರು ಸ್ಕ್ರೀನಿಗೆ ಬಗ್ಗಿದರು. “ಅಜ್ಜಾರ, ಎಲ್ಲಾ ಗೆರಿಗೂ ನಂಬರ್ ಐತಿ. ಇದಕ್ಕ ಇಲ್ಲಲ್ಲ? ನನ್ನ ಕಟಗಿ ಹೋಗೂದ ಅಲ್ಲಿ.”

“ಹೌದಲ್ಲ,” ಅಂದರು ಅಜ್ಜ. “ಹುಡುಗ ಮರತಾನ.”

ಭರಮ ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಕುರ್ಚಿ ಎಳೆದು ಕೂತರು. ಇಳಿಜಾರಿನ ಈ ತುದಿ ಒತ್ತಿದರು. ಆ ತುದಿ ಒತ್ತಿದರು. ಅಂಕಿ ಬಂತು. ಮೂಲೆಗೆ ಹೋಗಿ ಮೇಲಿನ ಸಾಲಿನಲ್ಲಿ ಏನೋ ಹೊಡೆದರು. ಪ್ರಿಂಟ್ ಕೊಟ್ಟರು. ಬಿಸಿ ಹಾಳೆಯನ್ನು ಭರಮನ ಕೈಗಿಟ್ಟರು.

“ಡ್ರೈವರ್‌ಗೆ ಕೊಟ್ಟು ಬಾ.”

ಭರಮ ಮೊದಲು ನೋಡಿದ್ದು ಮೂಲೆಯನ್ನು.

ಬರೆದವರು: ಭರಮಪ್ಪ, ಹುಣಸಿಕಟ್ಟಿ.

ಊರಿನ ಹೆಸರೂ ಇತ್ತು. ಅವನು ಅದನ್ನು ಎರಡು ಸಲ ಓದಿದ. ಅವ್ವ ಅದನ್ನು ಬಾಗಿಲ ಮೇಲೆ ಅಂಟಿಸುವುದು, ಓದಲು ಬಾರದಿದ್ದರೂ ಬೆರಳಿಟ್ಟು ತೋರಿಸುವುದು, ಎಲ್ಲ ಕಣ್ಣ ಮುಂದೆ ಬಂತು.

ಆಮೇಲೆ ಇಳಿಜಾರನ್ನು ನೋಡಿದ.

ಏಳು ಅಡಿ ಎರಡೂವರೆ ಇಂಚು.

“ಅಜ್ಜಾರ, ಈ ಅಳತಿ…”

“ಕೊಟ್ಟು ಬಾ ಅಂದೆ.”

“ಕೊಡಂಗಿಲ್ರಿ.”

ಗೌಡರು ತಿರುಗಿ ನೋಡಿದರು. “ಏನಂದಿ?”

ಭರಮ ಹಾಳೆಯನ್ನು ಎರಡು ಮಡಿಕೆ ಮಾಡಿದ, ನಾಲ್ಕು ಮಡಿಕೆ ಮಾಡಿದ, ಹೊಸ್ತಿಲ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟ.

“ಹಾಳಿ ಇಲ್ಲಿಂದ ಹೊರಗ ಹೋಗಂಗಿಲ್ಲ ಅಂದೇರಿ.”

“ಎರಡು ವರ್ಷ ಅನ್ನ ಹಾಕಿದ ಗುರುವಿಗೆ ಎದುರಾಡ್ತಿಯೇನಲೇ?”

“ಅಜ್ಜಾರಿಗೆ ಎದುರಾಡಕತ್ತಿಲ್ರಿ ಗೌಡ್ರ. ಆ ಗೆರಿಗೆ ಎದುರಾಡಕತ್ತೀನಿ. ಇದು ಮಿಲ್ಲಿಗೆ ಹ್ವಾದ್ರ ನಿಮ್ಮ ಹದಿನಾರು ತೇಗ ಒಲಿಗೆ ಹೋಗತಾವು.”

“ಅಜ್ಜಾರಿಗಿಂತ ಹೆಚ್ಚ ತಿಳದಾವ ನೀನು?”

“ಇವತ್ತ ಈ ಗೆರಿ ಮಟ್ಟಿಗೆ ಹೌದ್ರಿ.”

ಗೌಡರು ಅಜ್ಜರ ಮುಖ ನೋಡಿದರು. ಅಜ್ಜ ಭರಮನ ಮುಖ ನೋಡುತ್ತಿದ್ದರು.

“ನಿನ್ನ ಹೆಸರು ಐತೆಲೋ ಅದರಾಗ,” ಅಂದರು ಮೆಲ್ಲಗೆ.

“ಅದಕ್ಕ ಕುಂತೀನ್ರಿ.”

ಟ್ರ್ಯಾಕ್ಟರಿನ ಡ್ರೈವರ್ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ.

“ಮತ್ತ ಮಿಲ್ಲಿನಾವ್ರು ಉದ್ದ ಕೇಳಿದ್ರ?” ಅಂದರು ಅಜ್ಜ.

“ಎದುರಿಗೆ ನೆಟ್ಟಗ ನಿಂತು ನೋಡಿದ ಚಿತ್ರ ಬ್ಯಾರೆ ತಗದು ಕೊಡ್ತೀನ್ರಿ. ಅದರಾಗ ಇಳಿಜಾರು ಇದ್ದಷ್ಟ ಇರತೈತಿ, ಕಂಪ್ಯೂಟರ್ ಅಳದ್ರೂ ಹತ್ತ ಬರತೈತಿ. ನೆತ್ತಿ ಇಳಿಸಿದ್ರ ಅದೂ ಇಳೀತೈತಿ. ಈ ಮೂಲಿ ಚಿತ್ರದಾಗ ಮಾತ್ರ ಆ ಗೆರಿ ಬೋಳ ಇರಬೇಕು. ನೀವು ಹಾಕಂದ್ರೂ ಹಾಕಂಗಿಲ್ಲ.”

ಅಜ್ಜ ಕುರ್ಚಿಯಿಂದ ಎದ್ದರು. ಕುರ್ಚಿಯನ್ನು ಭರಮನ ಕಡೆ ತಿರುಗಿಸಿದರು.

ಭರಮ ಎದ್ದು ಬಂದು ಕೂತ. ಏಳು ಅಡಿ ಎರಡೂವರೆ ಇಂಚನ್ನು ಕಿತ್ತ. ಎದುರು ನೋಟ ತೆಗೆದ. ಎಂಟು, ಆರು ಹಾಕಿ, ಇಳಿಜಾರನ್ನು ಅಳೆದ. ಹತ್ತು ಅಡಿ ಬಂತು, ತಾನಾಗಿಯೇ. ಆಮೇಲೆ ಮೂಲೆಗೆ ಹೋಗಿ, ತನ್ನ ಹೆಸರನ್ನು ತಾನೇ ಅಳಿಸಿದ. ತಪ್ಪು ಅಳತೆಯ ಜೊತೆ ಬಂದ ಹೆಸರು ಅವನಿಗೆ ಬೇಡವಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಬಾಯಿಬಡಕ ಭರಮ ಅವತ್ತು ಹೇಳದೆ ಬಿಟ್ಟದ್ದು ಅದೊಂದೇ.

ಮೇಲಿನ ಸಾಲು ಖಾಲಿ ಇದ್ದ ಹಾಳೆ ಟ್ರ್ಯಾಕ್ಟರ್ ಹತ್ತಿತು.

ಸಂಜೆಗೆ ಹದಿನಾರು ಪಕಾಸಿ ಬಂದವು. ಮಾನಪ್ಪ ಒಂದೊಂದನ್ನೂ ತನ್ನ ದಾರದ ಪಕ್ಕ ಮಲಗಿಸಿ ನೋಡಿದ. ಮೆಟ್ಟಿಲು ಹತ್ತಲಿಲ್ಲ. ಕೆಳಗಿನಿಂದಲೇ ಕೈಯೆತ್ತಿ, ಇನ್ನು ನೀನು ಊರಿಗೆ ಹೋಗುವುದಾದರೆ ಹೋಗು ಎಂಬಂತೆ ಬೀಸಿದ.

ಭರಮ ಹೋಗಲಿಲ್ಲ.

ಮುಂದಿನ ಸೋಮವಾರ ಅಜ್ಜ ಹೊಸ ಹಾಳೆ ಬರೆದರು. ಅರವತ್ತೊಂದು ಮೆಟ್ಟಿಲಿನ ಪಕ್ಕಕ್ಕೆ ಕೈ ಹಿಡಿಯುವ ಕಂಬಿ. ಮಾನಪ್ಪನ ಮಂಡಿಗಾಗಿ. ಕಂಬಿ ಎಂದರೆ ಮೇಲಿನಿಂದ ಕೆಳಗಿನವರೆಗೂ ಓರೆ ಗೆರೆಯೇ. ಅದರ ಮೇಲೆ ಒಂದೂ ಅಂಕಿ ಇರಲಿಲ್ಲ. ಮೆಟ್ಟಿಲಿನ ಅಗಲ ಇತ್ತು, ಎತ್ತರ ಇತ್ತು, ಅಷ್ಟೇ.

ಪ್ರಿಂಟ್ ತೆಗೆದು ಭರಮನ ಮುಂದಿಟ್ಟರು.

ಭರಮ ಮೂಲೆ ನೋಡಿದ.

ಬರೆದವರು: ಬಾಳಪ್ಪ.

ತಪಾಸಣೆ: ಭರಮಪ್ಪ, ಹುಣಸಿಕಟ್ಟಿ.

ಅವನಿಗೆ ಕೊನೆಗೆ ಸಿಕ್ಕಿದ್ದು ಇದು. ಅವನು ಬೇಡಿದ ಸಾಲು ಮೇಲಿನದು. ಸಿಕ್ಕಿದ್ದು ಕೆಳಗಿನದು.

ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದ. “ಅಜ್ಜಾರ, ಅವತ್ತು ಆ ಏಳಡಿ ಎರಡೂವರಿ ಇಂಚು ಬೇಕಂತ ಹಾಕಿದ್ರೇನ್ರಿ, ಕಣ್ಣು ಕಾಣದ ಹಾಕಿದ್ರೇನ್ರಿ?”

ಅಜ್ಜ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ತಪಾಸಣಿ ಮಾಡಾಂವ ನೀನು. ನನ್ನ ಯಾಕ ಕೇಳ್ತಿ?”